ಖಚಿತಪಡಿಸಿಕೊಳ್ಳುವುದು ಅಗೌರವವಲ್ಲ

ಭದ್ರತೆ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಬೀಗ, ಬಂದೂಕು, ಕ್ಯಾಮೆರಾ. ಬೀದರಿನವರಿಗಂತೂ 2025ರ ಜನವರಿ 16 ಮರೆಯುವ ದಿನವಲ್ಲ. ಅಂದು ಹಾಡಹಗಲೇ ಶಿವಾಜಿ ಚೌಕದ ಬಳಿ ಎಟಿಎಂಗೆ ಹಣ ತುಂಬಲು ಬಂದ ಸಿಬ್ಬಂದಿಯ ಮೇಲೆ ಗುಂಡು ಹಾರಿಸಿದ ದರೋಡೆಕೋರರು ಹಣದ ಪೆಟ್ಟಿಗೆಯನ್ನು ಬೈಕಿನ ಮೇಲೆ ಹೊತ್ತೊಯ್ದರು. ಸಿಬ್ಬಂದಿಯಲ್ಲೊಬ್ಬರು ಪ್ರಾಣ ಕಳೆದುಕೊಂಡರು. ಆಮೇಲೆ ಎಲ್ಲಿ ನೋಡಿದರೂ ಗನ್‌ಮ್ಯಾನ್ ಎಷ್ಟಿರಬೇಕು, ಕ್ಯಾಮೆರಾ ಎಲ್ಲಿರಬೇಕು ಎಂಬುದೇ ಚರ್ಚೆ. ಆ ಚರ್ಚೆ ಬೇಕಾಗಿತ್ತು, ನಿಜ. ಆದರೆ ಶಿಕ್ಷಕರಾಗಲು ಹೊರಟ ನಾವು ಕೆಲಸ ಮಾಡುವ ಜಾಗದಲ್ಲಿ ಹಣದ ಪೆಟ್ಟಿಗೆ ಇರುವುದಿಲ್ಲ. ಅಲ್ಲಿರುವುದು ಮಕ್ಕಳ ಹೆಸರು, ಹುಟ್ಟಿದ ದಿನಾಂಕ, ಆಧಾರ್ ಸಂಖ್ಯೆ, ಜಾತಿ ಮತ್ತು ಆದಾಯದ ವಿವರ, ಬ್ಯಾಂಕ್ ಖಾತೆ, ತಂದೆತಾಯಿಯ ಫೋನ್ ನಂಬರ್. ಇವನ್ನು ಕದಿಯಲು ಬಂದೂಕು ಬೇಡ. ಯಾರೋ ಗತ್ತಿನಿಂದ ಫೋನ್ ಮಾಡಿ ಕೇಳಿದರೆ, ಇನ್ಯಾರೋ ವಿನಯದಿಂದ ಕೊಟ್ಟರೆ ಸಾಕು.

ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಒಂದೇ ಮಾತು. ಶಾಲೆಯ ಮಾಹಿತಿ ಸುರಕ್ಷಿತವಾಗಿರುವುದು ಪಾಸ್‌ವರ್ಡ್ ಎಷ್ಟು ಉದ್ದವಿದೆ ಎಂಬುದರಿಂದ ಮಾತ್ರವಲ್ಲ. ಆ ಶಾಲೆಯ ಅತ್ಯಂತ ಕಿರಿಯ ವ್ಯಕ್ತಿ, ಅಂದರೆ ಅತಿಥಿ ಶಿಕ್ಷಕಿಯೋ ನಮ್ಮಂಥ ಪ್ರಶಿಕ್ಷಣಾರ್ಥಿಯೋ, ‘ಸ್ವಲ್ಪ ತಡೀರಿ, ವಿಚಾರಿಸಿ ಕಳಿಸ್ತೀನಿ’ ಎಂದು ಹಿರಿಯರಿಗೆ ಹೆದರದೆ ಹೇಳಬಲ್ಲರೇ, ತಪ್ಪಾದಾಗ ತಪ್ಪಾಯಿತು ಎಂದು ಅದೇ ಗಂಟೆಯಲ್ಲಿ ತಿಳಿಸಬಲ್ಲರೇ ಎಂಬುದರಿಂದ. ಅದನ್ನೇ ನಾನು ಭದ್ರತೆಯ ಸಂಸ್ಕೃತಿ ಎನ್ನುತ್ತೇನೆ.

ಮುದ್ರೆ ಕೊಟ್ಟವನ ಕಥೆ

ಇದಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಬೀದರಿನ ಶಿಕ್ಷಕರೆಲ್ಲ ಮಕ್ಕಳನ್ನು ಒಮ್ಮೆಯಾದರೂ ಮಹಮೂದ್ ಗವಾನ್ ಮದರಸಾಕ್ಕೆ ಕರೆದುಕೊಂಡು ಹೋಗಿರುತ್ತಾರೆ. 1472ರಲ್ಲಿ ಪೂರ್ಣಗೊಂಡ ಆ ಕಟ್ಟಡದ ಬಣ್ಣದ ಹೆಂಚು, ಉಳಿದಿರುವ ಮಿನಾರು ತೋರಿಸುತ್ತೇವೆ. ಅದನ್ನು ಕಟ್ಟಿಸಿದ ವಜೀರನ ಸಾವು ಹೇಗಾಯಿತೆಂದು ಹೇಳುವುದು ಕಡಿಮೆ. ಇತಿಹಾಸಕಾರ ಫೆರಿಷ್ತಾ ಬರೆದಿಟ್ಟ ಕಥನದ ಪ್ರಕಾರ, ಗವಾನನ ವೈರಿಗಳು ಅವನ ಮುದ್ರೆ ಕಾಯುತ್ತಿದ್ದ ಸೇವಕನ ಸ್ನೇಹ ಬೆಳೆಸಿದರು. ಅವನಿಗೆ ಕುಡಿಸಿ, ಇದು ಗೆಳೆಯರೊಬ್ಬರ ಕಾಗದ ಎಂದು ನಂಬಿಸಿ, ಖಾಲಿ ಹಾಳೆಯ ಮೇಲೆ ಮುದ್ರೆ ಒತ್ತಿಸಿಕೊಂಡರು. ಆಮೇಲೆ ಅದರಲ್ಲಿ ಒರಿಸ್ಸಾದ ರಾಜನಿಗೆ ಬರೆದಂತೆ ದ್ರೋಹದ ಪತ್ರ ತುಂಬಿ ಸುಲ್ತಾನ್ ಮೂರನೇ ಮುಹಮ್ಮದ್ ಶಾಹನ ಮುಂದಿಟ್ಟರು. ಮುದ್ರೆ ತನ್ನದೇ, ಪತ್ರ ಮಾತ್ರ ತನ್ನದಲ್ಲ ಎಂದು ಗವಾನ್ ಹೇಳಿದ. ಸುಲ್ತಾನ ವಿಚಾರಣೆ ಮಾಡಲಿಲ್ಲ. 1481ರ ಏಪ್ರಿಲ್ 5ರಂದು ಎಪ್ಪತ್ತು ದಾಟಿದ ಆ ವಜೀರನ ತಲೆ ಉರುಳಿತು. ಮರುವರ್ಷ ಸುಲ್ತಾನನೂ ತೀರಿಕೊಂಡ. ಮುಂದಿನ ದಶಕಗಳಲ್ಲಿ ಬಹಮನಿ ರಾಜ್ಯ ಐದು ಹೋಳಾಯಿತು.

ವಿಜ್ಞಾನದ ವಿದ್ಯಾರ್ಥಿಯಾದ ನಾನು ಈ ಕಥೆಯನ್ನು ಪಾಸ್‌ವರ್ಡಿನ ಕಥೆಯಾಗಿಯೇ ಓದುತ್ತೇನೆ. ಇಲ್ಲಿ ಕೋಟೆಯ ಗೋಡೆ ಒಡೆಯಲಿಲ್ಲ, ಬೀಗ ಮುರಿಯಲಿಲ್ಲ. ಮುದ್ರೆಯೂ ನಕಲಿಯಲ್ಲ. ಇಲ್ಲದೆ ಹೋದದ್ದು ಎರಡು ಪ್ರಶ್ನೆಗಳು. ‘ಇದರಲ್ಲಿ ಏನಿದೆ, ನನ್ನ ಯಜಮಾನರಿಗೆ ಗೊತ್ತಿದೆಯೇ?’ ಎಂದು ಮುದ್ರೆಗಾರ ಕೇಳಲಿಲ್ಲ. ‘ಇದು ನಿಜವೇ, ವಿಚಾರಿಸೋಣ’ ಎಂದು ಸುಲ್ತಾನ ಹೇಳಲಿಲ್ಲ. ಕೆಳಗಿನವನಿಗೆ ಕೇಳುವ ಅಭ್ಯಾಸವಿರಲಿಲ್ಲ, ಮೇಲಿನವನಿಗೆ ತಾಳ್ಮೆಯಿರಲಿಲ್ಲ. ಇಂದು ಯಾವುದೋ ಶಾಲೆಯ ಮುಖ್ಯಗುರುಗಳು ‘ಲಾಗಿನ್ ನನ್ನದೇ, ಆದರೆ ಆ ನಮೂದು ನಾನು ಮಾಡಿದ್ದಲ್ಲ’ ಎಂದು ಮೇಲಧಿಕಾರಿಗಳ ಮುಂದೆ ನಿಂತರೆ ಅವರ ಸ್ಥಿತಿ ಗವಾನನ ಸ್ಥಿತಿಗಿಂತ ಬಹಳ ಬೇರೆಯಲ್ಲ. ತಲೆ ಹೋಗದಿರಬಹುದು, ಹೆಸರು ಹೋಗುತ್ತದೆ.

ಶಾಲೆಯಲ್ಲಿ ನಾನು ಕಂಡದ್ದು

ನಮ್ಮ ಬಿ.ಇಡಿ. ಪಠ್ಯಕ್ರಮದಲ್ಲಿ ಎರಡು ವರ್ಷ ಸೇರಿ ಕನಿಷ್ಠ 20 ವಾರ ಶಾಲಾ ಅನುಭವ ಇರಬೇಕೆಂದು ಎನ್‌ಸಿಟಿಇಯ 2014ರ ನಿಯಮ ಹೇಳುತ್ತದೆ. ಆ ವಾರಗಳಲ್ಲಿ ನಾವು ಪಾಠ ಮಾಡುವುದಷ್ಟೇ ಅಲ್ಲ ಎಂಬುದು ಇದನ್ನು ಓದುವ ಪ್ರಶಿಕ್ಷಣಾರ್ಥಿಗಳಿಗೆಲ್ಲ ಗೊತ್ತು. ‘ನಿಮಗ ಕಂಪ್ಯೂಟರ್ ಬರ್ತದಲ್ರೀ, ಇಷ್ಟು ಎಂಟ್ರಿ ಮಾಡಿಕೊಡ್ರಿ’ ಎಂಬ ಮಾತು ಮೊದಲ ವಾರದಲ್ಲೇ ಬರುತ್ತದೆ. ಮಕ್ಕಳ ಎಸ್‌ಎಟಿಎಸ್ ವಿವರ, ಯುಡೈಸ್ ಪ್ಲಸ್ ಮಾಹಿತಿ, ವಿದ್ಯಾರ್ಥಿವೇತನದ ಅರ್ಜಿ ಹೀಗೆ ಎಲ್ಲವೂ ಇಂದು ಪರದೆಯ ಮೇಲೆ. ನಾನು ಹೋಗಿದ್ದ ನಗರದ ಶಾಲೆಯೊಂದರಲ್ಲಿ ಲಾಗಿನ್ ಮತ್ತು ಪಾಸ್‌ವರ್ಡನ್ನು ಒಂದು ರಟ್ಟಿನ ಮೇಲೆ ಬರೆದು ಕಪಾಟಿನ ಬಾಗಿಲ ಒಳಗಡೆ ಅಂಟಿಸಿದ್ದರು. ಒಟಿಪಿ ಮಾತ್ರ ಮುಖ್ಯಗುರುಗಳ ಮೊಬೈಲಿಗೆ ಬರುತ್ತಿತ್ತು. ಅವರು ಸಭೆಯಲ್ಲಿದ್ದರೆ ಫೋನಿನಲ್ಲೇ ಆರು ಅಂಕಿ ಓದಿ ಹೇಳುತ್ತಿದ್ದರು.

ಇದನ್ನು ದೂರುವುದಕ್ಕಾಗಿ ಹೇಳುತ್ತಿಲ್ಲ. ಆ ಮುಖ್ಯಗುರುಗಳು ಶಾಲೆಗಾಗಿ ದುಡಿಯುವವರು. ಇಂದೇ ಕೊನೆಯ ದಿನ ಎಂಬ ಸಂದೇಶ ಬಂದಿರುತ್ತದೆ, ಸರ್ವರ್ ನಡೆಯುವುದು ಮಧ್ಯಾಹ್ನದ ಒಂದು ಗಂಟೆ ಮಾತ್ರ, ಗುಮಾಸ್ತರಿಲ್ಲ. ಔರಾದ್ ಕಡೆಯ ಹಳ್ಳಿಗಳಿಂದ, ಭಾಲ್ಕಿ ತಾಲ್ಲೂಕಿನಿಂದ ಬರುವ ನನ್ನ ಸಹಪಾಠಿಗಳು ಹೇಳುವುದೂ ಇದನ್ನೇ: ನೆಟ್‌ವರ್ಕ್ ಸಿಗಬೇಕೆಂದರೆ ಬಸ್ ಸ್ಟ್ಯಾಂಡಿಗೆ ಬರಬೇಕು, ಅಲ್ಲಿಯ ಆನ್‌ಲೈನ್ ಸೆಂಟರಿನವನಿಗೇ ಪಾಸ್‌ವರ್ಡ್ ಕೊಟ್ಟು ಕೆಲಸ ಮುಗಿಸಬೇಕು. ಕೆಲಸ ನಿಲ್ಲಬಾರದೆಂದು ಒಳ್ಳೆಯವರೇ ಮಾಡಿಕೊಂಡ ಒಳದಾರಿಗಳಿವು. ಕಳ್ಳನು ಬರುವುದೂ ಇದೇ ಒಳದಾರಿಯಲ್ಲಿ.

ಬಂದದ್ದೂ ಹಾಗೆಯೇ. ನನ್ನ ಅಭ್ಯಾಸ ಪಾಠದ ಅವಧಿಯಲ್ಲಿ ಆ ಶಾಲೆಯ ಅತಿಥಿ ಶಿಕ್ಷಕಿಯೊಬ್ಬರಿಗೆ ಮಧ್ಯಾಹ್ನದ ಹೊತ್ತು ಕರೆ ಬಂತು. ಕರೆ ಮಾಡಿದವನು ಬಿಇಒ ಕಚೇರಿಯವನೆಂದು ಹೇಳಿಕೊಂಡ. ಸಾಹೇಬರು ಮೀಟಿಂಗಿನಲ್ಲಿದ್ದಾರೆ, ಎಂಟನೇ ತರಗತಿಯ ಪಟ್ಟಿ ಪಾಲಕರ ನಂಬರಿನ ಸಮೇತ ಹತ್ತು ನಿಮಿಷದಲ್ಲಿ ಬೇಕು, ತಡವಾದರೆ ನಿಮ್ಮ ಹೆಸರೇ ಬರೆಯಬೇಕಾಗುತ್ತದೆ ಎಂದ. ಅವರು ಪಟ್ಟಿಯ ಫೋಟೊ ತೆಗೆದು ಕಳಿಸಿದರು. ಮೂರನೇ ದಿನದಿಂದ ಪಾಲಕರಿಗೆ ಕರೆಗಳು ಶುರುವಾದವು: ನಿಮ್ಮ ಮಗನಿಗೆ ವಿದ್ಯಾರ್ಥಿವೇತನ ಮಂಜೂರಾಗಿದೆ, ಖಾತೆ ಪರಿಶೀಲನೆಗೆ ಬರುವ ನಂಬರ್ ಹೇಳಿ. ಗಾಂಧಿ ಗಂಜಿನಲ್ಲಿ ಹಮಾಲಿ ಮಾಡುವ ತಂದೆಯೊಬ್ಬರು ನಾಲ್ಕನೇ ದಿನ ಆ ನಂಬರ್ ಹೇಳಿದರು. ಹನ್ನೊಂದು ಸಾವಿರ ರೂಪಾಯಿ ಹೋಯಿತು. ‘ಹುಡುಗನ ಹೆಸರು, ಕ್ಲಾಸು, ನನ್ನ ಹೆಸರು ಎಲ್ಲಾ ಕರೆಕ್ಟ್ ಹೇಳಿದ್ರಿ. ಸಾಲಿಯವರೇ ಅಂತ ತಿಳಕೊಂಡೆ’ ಎಂದು ಅವರು ಹೇಳಿದ ಮಾತು ನನ್ನ ಕಿವಿಯಲ್ಲಿದೆ. ಅವರು ಮೋಸಗಾರನನ್ನು ನಂಬಲಿಲ್ಲ, ಶಾಲೆಯನ್ನು ನಂಬಿದ್ದರು.

ಕರೆಗಳು ಶುರುವಾದ ದಿನವೇ ಆ ಶಿಕ್ಷಕಿಗೆ ಅನುಮಾನ ಬಂದಿತ್ತು. ಆದರೆ ಅವರು ಬಾಯಿ ಬಿಡಲಿಲ್ಲ. ವರ್ಷ ವರ್ಷ ಹೊಸದಾಗಿ ನೇಮಕವಾಗುವ ಅತಿಥಿ ಶಿಕ್ಷಕರಿಗೆ ಹೆದರಿಕೆ ಏನೆಂಬುದು ಗೊತ್ತಿರುವ ವಿಷಯವೇ. ಐದನೇ ದಿನ ಸ್ಟಾಫ್ ರೂಮಿನಲ್ಲಿ ಬೇರೆ ಯಾರೂ ಇಲ್ಲದಾಗ ನನಗೆ ಹೇಳಿದರು. ಅಂದೇ ಸಂಜೆ ಇಬ್ಬರೂ ಮುಖ್ಯಗುರುಗಳ ಬಳಿಗೆ ಹೋದೆವು. ಅವರು ಮೊದಲು ಸಿಟ್ಟಾದರು, ಆಮೇಲೆ ಸುಮ್ಮನೆ ಕುಳಿತು ಯೋಚಿಸಿದರು, ಕೊನೆಗೆ ಎಲ್ಲ ಪಾಲಕರಿಗೆ ಸಂದೇಶ ಕಳಿಸಿದರು, ಗುಂಪಿನಲ್ಲಿ ಇಲ್ಲದವರಿಗೆ ಮಕ್ಕಳ ಕೈಯಲ್ಲಿ ಚೀಟಿ ಕೊಟ್ಟರು. ಅದಾದ ಮೇಲೆ ಆ ತರಗತಿಯ ಪಾಲಕರಲ್ಲಿ ಯಾರೂ ಹಣ ಕಳೆದುಕೊಂಡದ್ದು ಕೇಳಲಿಲ್ಲ. ಆ ಸಂದೇಶ ಎರಡು ದಿನ ಮೊದಲು ಹೋಗಿದ್ದರೆ ಹಮಾಲಿಯ ಹನ್ನೊಂದು ಸಾವಿರ ಉಳಿಯುತ್ತಿತ್ತು. ಇಲ್ಲಿ ಶಿಕ್ಷಕಿಯ ಅಜ್ಞಾನಕ್ಕಿಂತ ಅವರ ಭಯ ದುಬಾರಿಯಾಯಿತು.

ಭಯ ಯಾಕೆ ಬೀಗವಲ್ಲ

ನಮ್ಮಲ್ಲಿ ಭದ್ರತೆ ಹೆಚ್ಚಿಸಬೇಕೆಂದರೆ ಮೊದಲು ಹೊರಡುವುದು ಎಚ್ಚರಿಕೆಯ ಸುತ್ತೋಲೆ. ‘ತಪ್ಪಿದಲ್ಲಿ ನಿಮ್ಮನ್ನೇ ಹೊಣೆ ಮಾಡಲಾಗುವುದು’ ಎಂಬ ಸಾಲು ಅದರ ಕೊನೆಗೆ ಇದ್ದೇ ಇರುತ್ತದೆ. ಹೊಣೆ ಬೇಡ ಎಂದು ನಾನು ಹೇಳುತ್ತಿಲ್ಲ. ಬೇರೆಯವರ ಪಾಸ್‌ವರ್ಡ್ ಅಥವಾ ಡಿಜಿಟಲ್ ಗುರುತನ್ನು ಮೋಸದಿಂದ ಬಳಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಡಿ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿಯವರೆಗೆ ದಂಡ ಇದೆ. ಅದು ಕಳ್ಳನಿಗೆ ಸಲ್ಲಬೇಕಾದದ್ದು. ಮೋಸ ಹೋದ ಶಿಕ್ಷಕಿಯನ್ನೂ ಕಳ್ಳನನ್ನೂ ಒಂದೇ ಧ್ವನಿಯಲ್ಲಿ ಗದರಿದರೆ ಮುಂದಿನ ಸಲ ಮೋಸ ಹೋದವರು ಇನ್ನಷ್ಟು ಗಟ್ಟಿಯಾಗಿ ಬಾಯಿ ಮುಚ್ಚಿಕೊಳ್ಳುತ್ತಾರೆ.

ಇದನ್ನು ಬೇರೆ ಕ್ಷೇತ್ರಗಳು ಬಹಳ ಹಿಂದೆಯೇ ಕಲಿತಿವೆ. 1986ರ ಚೆರ್ನೋಬಿಲ್ ದುರಂತದ ನಂತರ ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ವರದಿಗಳಲ್ಲಿ ‘ಸುರಕ್ಷತೆಯ ಸಂಸ್ಕೃತಿ’ ಎಂಬ ಮಾತು ಬಳಕೆಗೆ ಬಂತು. ಯಂತ್ರದ ದೋಷ ಒಂದೇ ಸಾಲದು, ಅಲ್ಲಿನ ಜನ ಕೆಲಸ ಮಾಡುವ ರೀತಿಯನ್ನೂ ನೋಡಬೇಕು ಎಂಬುದು ಅದರ ತಿರುಳು. ವಿಮಾನಯಾನದಲ್ಲಿ ಇನ್ನೂ ಮೊದಲೇ, 1976ರಲ್ಲಿ, ಅಮೆರಿಕದ ನಾಸಾ ಸಂಸ್ಥೆ ಒಂದು ವರದಿ ವ್ಯವಸ್ಥೆ ಆರಂಭಿಸಿತು. ಉದ್ದೇಶಪೂರ್ವಕವಲ್ಲದ ತಪ್ಪನ್ನು ಪೈಲಟ್ ತಾನಾಗಿಯೇ ಹತ್ತು ದಿನದೊಳಗೆ ತಿಳಿಸಿದರೆ, ಷರತ್ತುಗಳಿಗೆ ಒಳಪಟ್ಟು, ಆತನಿಗೆ ದಂಡನೆಯಿಂದ ವಿನಾಯಿತಿ ಸಿಗುತ್ತದೆ. ಒಬ್ಬನ ತಪ್ಪಿನಿಂದ ಉಳಿದವರು ಕಲಿಯಲಿ ಎಂಬುದು ಅದರ ಆಶಯ. ಅಷ್ಟು ದೊಡ್ಡ ಯಂತ್ರ ಹಾರಿಸುವವರಿಗೆ ಈ ರಿಯಾಯಿತಿ ಕೊಡಬಹುದಾದರೆ, ಪಟ್ಟಿ ಕಳಿಸಿ ಮೋಸ ಹೋದ ಶಿಕ್ಷಕಿಗೆ ಕೊಡಲಾಗದೆ?

ಮಕ್ಕಳ ಮಾಹಿತಿಗೆ ಅಷ್ಟೆಲ್ಲ ಬೆಲೆ ಎಲ್ಲಿದೆ ಎಂದು ಕೆಲವರು ಕೇಳುತ್ತಾರೆ. ಬೆಲೆ ಇದೆ ಎಂಬುದು ಕಳ್ಳರಿಗೆ ಗೊತ್ತಿದೆ. ನಾವೆಲ್ಲ ತರಬೇತಿಗೆ ಬಳಸುವ ದೀಕ್ಷಾ ಆ್ಯಪಿನ ಮಾಹಿತಿ ಭದ್ರತೆಯಿಲ್ಲದ ಸರ್ವರಿನಲ್ಲಿ ತೆರೆದು ಬಿದ್ದಿತ್ತೆಂದು 2023ರ ಜನವರಿಯಲ್ಲಿ ವರದಿಯಾಯಿತು. ಹತ್ತು ಲಕ್ಷಕ್ಕೂ ಹೆಚ್ಚು ಶಿಕ್ಷಕರ, ಸುಮಾರು ಆರು ಲಕ್ಷ ವಿದ್ಯಾರ್ಥಿಗಳ ವಿವರ ಅದರಲ್ಲಿತ್ತು. ಅಮೆರಿಕ ಮತ್ತು ಕೆನಡಾದ ಶಾಲೆಗಳು ಬಳಸುವ ಪವರ್‌ಸ್ಕೂಲ್ ತಂತ್ರಾಂಶದಿಂದ 2024ರ ಡಿಸೆಂಬರಿನಲ್ಲಿ ಕೋಟಿಗಟ್ಟಲೆ ವಿದ್ಯಾರ್ಥಿಗಳ ಮಾಹಿತಿ ಕಳವಾಯಿತು. ಅದಕ್ಕೆ ಬಳಸಿದ್ದು ಕದ್ದ ಲಾಗಿನ್. ಶಿಕ್ಷೆಗೊಳಗಾದವನು ಹತ್ತೊಂಬತ್ತರ ಹರೆಯದ ಕಾಲೇಜು ವಿದ್ಯಾರ್ಥಿ. ದೊಡ್ಡ ಕಂಪನಿಯ ಕೋಟೆಯೂ ಕೊನೆಗೆ ಒಂದು ಲಾಗಿನ್ ಎಂಬ ದಿಡ್ಡಿ ಬಾಗಿಲಿನಿಂದಲೇ ಬಿತ್ತು.

ನಮ್ಮ ರಾಜ್ಯದ ಅನುಭವವೂ ಇದೆ. 2016ರಲ್ಲಿ ನಾನು ಎಸ್ಸೆಸ್ಸೆಲ್ಸಿಯಲ್ಲಿದ್ದೆ. ಆ ವರ್ಷ ದ್ವಿತೀಯ ಪಿಯುಸಿಯ ರಸಾಯನಶಾಸ್ತ್ರ ಪ್ರಶ್ನೆಪತ್ರಿಕೆ ಮಾರ್ಚ್ 21ರ ಪರೀಕ್ಷೆಗೆ ಮುನ್ನ ಸೋರಿಕೆಯಾಯಿತು. ಮರುಪರೀಕ್ಷೆ ಮಾರ್ಚ್ 31ಕ್ಕೆ ಗೊತ್ತಾಯಿತು, ಅದೂ ಸೋರಿಕೆಯಾಗಿ ಅದೇ ದಿನ ರದ್ದಾಯಿತು. ಕೊನೆಗೆ ಏಪ್ರಿಲ್ 12ರಂದು ಪರೀಕ್ಷೆ ನಡೆಯಿತು. ಒಂದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳು ಒಂದೇ ವಿಷಯಕ್ಕೆ ಮತ್ತೆ ಮತ್ತೆ ಓದಿದರು. ಆಮೇಲೆ ಪ್ರಶ್ನೆಪತ್ರಿಕೆ ಸಾಗಿಸುವ, ಕಾಯುವ ವ್ಯವಸ್ಥೆ ಬಿಗಿಯಾಯಿತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ಬೀದರಿನಂಥ ಕೋಟೆಯ ಊರಿನವರಿಗೆ ಹೊಸದಲ್ಲ. ಪ್ರಶ್ನೆಪತ್ರಿಕೆಗೆ ಬಂದ ಎಚ್ಚರ ಮಕ್ಕಳ ವಿವರಕ್ಕೆ ಇನ್ನೂ ಬಂದಿಲ್ಲ. ಪ್ರಶ್ನೆಪತ್ರಿಕೆ ಸೋರಿದರೆ ಮರುಪರೀಕ್ಷೆ ನಡೆಸಬಹುದು. ಮಗುವಿನ ಹುಟ್ಟಿದ ದಿನಾಂಕ ಸೋರಿದರೆ ಹೊಸ ದಿನಾಂಕ ಕೊಡಲಾಗದು.

ಗಂಜಿನಿಂದ ಕಲಿಯಬೇಕಾದದ್ದು

‘ಮೇಲಿನವರು ಕೇಳಿದಾಗ ಯಾರು ನೀವು ಎಂದು ಹೆಂಗ ಕೇಳೋದ್ರಿ? ಉದ್ಧಟತನ ಅನ್ನಸ್ತದ’ ಎಂದು ಹಿರಿಯ ಶಿಕ್ಷಕರೊಬ್ಬರು ನನಗೆ ಹೇಳಿದರು. ಈ ಆಕ್ಷೇಪ ನಿಜವಾದದ್ದು. ನಮ್ಮ ಶಾಲೆಗಳು ಗೌರವದ ಮೇಲೆ ನಡೆಯುತ್ತವೆ, ಅದು ಹಾಗೆಯೇ ಇರಲಿ. ಆದರೆ ಗೌರವ ಮತ್ತು ಖಚಿತಪಡಿಸಿಕೊಳ್ಳುವಿಕೆ ಒಟ್ಟಿಗೆ ಇರಲಾರವೇ? ನಮ್ಮ ಊರಲ್ಲೇ ಅವು ಒಟ್ಟಿಗೆ ಇರುವ ಜಾಗವೊಂದಿದೆ.

ಗಾಂಧಿ ಗಂಜಿನ ಯಾವುದಾದರೂ ಅಡತ್ ಅಂಗಡಿಯ ಮುಂದೆ ಸುಗ್ಗಿಯ ಕಾಲದಲ್ಲಿ ಅರ್ಧ ಗಂಟೆ ನಿಂತು ನೋಡಿ. ಭಾಲ್ಕಿಯಿಂದಲೋ ಔರಾದಿನಿಂದಲೋ ತೊಗರಿ, ಸೋಯಾ, ಹೆಸರು ತಂದ ರೈತನ ಮುಂದೆಯೇ ಚೀಲ ತೂಗುತ್ತಾರೆ. ತೂಕ ಬರೆದುಕೊಳ್ಳುವವನು ಗಟ್ಟಿಯಾಗಿ ಹೇಳುತ್ತಾನೆ, ರೈತ ತಾನೂ ಮುಳ್ಳು ನೋಡುತ್ತಾನೆ. ಹಣ ಕೊಡುವಾಗ ಕೊಡುವವನು ಎಣಿಸುತ್ತಾನೆ, ತೆಗೆದುಕೊಳ್ಳುವವನು ಅಲ್ಲೇ ಮತ್ತೆ ಎಣಿಸುತ್ತಾನೆ. ಅವರಿಬ್ಬರದು ಇಪ್ಪತ್ತು ವರ್ಷದ ವ್ಯವಹಾರವಿರಬಹುದು, ಮದುವೆ ಮುಂಜಿಗೆ ಕರೆಯುವ ಸಂಬಂಧವಿರಬಹುದು. ಎಣಿಸಿದ್ದಕ್ಕೆ ಇಬ್ಬರಲ್ಲಿ ಯಾರೂ ಬೇಸರಪಡುವುದಿಲ್ಲ. ‘ಎಣಿಸಿಕೊಳ್ರಿ ಅಣ್ಣಾ’ ಎಂದು ಕೊಟ್ಟವನೇ ಹೇಳುತ್ತಾನೆ. ಈ ಮಾತೇ ನನಗೆ ಮುಖ್ಯ. ಅಲ್ಲಿ ಪರೀಕ್ಷಿಸಲು ಆಹ್ವಾನ ಕೊಡುವವನು ಮೇಲಿನವನು. ಆದ್ದರಿಂದ ಕೆಳಗಿನವನಿಗೆ ಸಂಕೋಚವಿಲ್ಲ.

ನಮ್ಮ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲೂ ಇದೇ ಪದ್ಧತಿ. ಬಾಟಲಿಯ ಮೇಲೆ ಚೀಟಿ ಇಲ್ಲದಿದ್ದರೆ ಅದನ್ನು ಬಳಸುವುದಿಲ್ಲ, ಎಷ್ಟೇ ಹಿರಿಯರು ಅದು ನೀರೇ ಎಂದು ಹೇಳಿದರೂ ಸರಿ. ಹಾಗೆ ನಿರಾಕರಿಸಿದ ವಿದ್ಯಾರ್ಥಿಯನ್ನು ಯಾರೂ ಉದ್ಧಟ ಎನ್ನುವುದಿಲ್ಲ, ಶಹಬ್ಬಾಸ್ ಎನ್ನುತ್ತಾರೆ. ಫೋನಿನಲ್ಲಿ ಬರುವ ಅಪರಿಚಿತ ಧ್ವನಿಯೂ ಚೀಟಿಯಿಲ್ಲದ ಬಾಟಲಿಯೇ. ಪ್ರಯೋಗಾಲಯದಲ್ಲಿ ಕಲಿಸಿದ್ದನ್ನು ನಾವು ಕಚೇರಿ ಕೋಣೆಯವರೆಗೆ ತಂದಿಲ್ಲ, ಅಷ್ಟೇ.

ಏನು ಮಾಡಬಹುದು

ಹಣ ಬೇಡದ, ಹೊಸ ಯಂತ್ರ ಬೇಡದ ನಾಲ್ಕು ಕ್ರಮಗಳನ್ನು ಸೂಚಿಸುತ್ತೇನೆ.

ಮೊದಲನೆಯದು, ತಿರುಗಿ ಕರೆ ಮಾಡುವ ನಿಯಮ. ಮಕ್ಕಳ ಅಥವಾ ಸಿಬ್ಬಂದಿಯ ಮಾಹಿತಿಯನ್ನು ಫೋನಿನಲ್ಲಿ ಯಾರೇ ಕೇಳಲಿ, ಆ ಕರೆಯಲ್ಲೇ ಕೊಡಬಾರದು. ಕಚೇರಿಯ ವಹಿಯಲ್ಲಿ ಮೊದಲೇ ಬರೆದಿಟ್ಟ ನಂಬರಿಗೆ ನಾವೇ ಫೋನ್ ಹಚ್ಚಿ ವಿಚಾರಿಸಿ, ಆಮೇಲೆ ಕಳಿಸಬೇಕು. ಇದನ್ನು ಮುಖ್ಯಗುರುಗಳು ತಮ್ಮ ಸಹಿಯೊಂದಿಗೆ ಬರೆದು ಗೋಡೆಗೆ ಹಚ್ಚಬೇಕು. ಆ ಸಹಿ ಬಹಳ ಮುಖ್ಯ. ಆಗ ಅತಿಥಿ ಶಿಕ್ಷಕಿ ‘ನಾನು ಕೊಡುವುದಿಲ್ಲ’ ಎನ್ನಬೇಕಾಗಿಲ್ಲ, ‘ನಮ್ಮ ಶಾಲೆಯ ನಿಯಮ ಹೀಗಿದೆ ಸರ್’ ಎಂದರೆ ಸಾಕು. ನಿಜವಾದ ಅಧಿಕಾರಿ ಇದಕ್ಕೆ ಐದು ನಿಮಿಷ ಕಾಯುತ್ತಾರೆ, ಮೋಸಗಾರ ಫೋನ್ ಇಡುತ್ತಾನೆ.

ಎರಡನೆಯದು, ಒಂದು ಗಂಟೆಯ ಮಾತು. ತಪ್ಪಾಗಿದೆ ಎಂದು ಅನ್ನಿಸಿದ ಒಂದು ಗಂಟೆಯೊಳಗೆ ತಾನಾಗಿಯೇ ತಿಳಿಸಿದವರಿಗೆ ನೋಟಿಸಿಲ್ಲ, ಎಲ್ಲರ ಮುಂದೆ ಗದರುವುದಿಲ್ಲ ಎಂದು ಶಾಲೆಯ ಮುಖ್ಯಸ್ಥರು ಸಿಬ್ಬಂದಿ ಸಭೆಯಲ್ಲಿ ಹೇಳಬೇಕು, ಹೇಳಿದಂತೆ ನಡೆಯಬೇಕು. ಹಣ ಹೋಗಿದ್ದರೆ 1930ಕ್ಕೆ ಕೂಡಲೇ ಕರೆ ಮಾಡಬೇಕು. ಬೇಗ ಕರೆ ಮಾಡಿದಷ್ಟೂ ಆ ಹಣವನ್ನು ಬ್ಯಾಂಕಿನಲ್ಲೇ ತಡೆಯುವ ಸಾಧ್ಯತೆ ಹೆಚ್ಚು. ಹೆದರಿಕೆ ಹೋಗದೆ ಈ ವೇಗ ಬರುವುದಿಲ್ಲ.

ಮೂರನೆಯದು, ಕಡಿಮೆ ಇಟ್ಟುಕೊಳ್ಳುವುದು. ಇಲ್ಲದ್ದನ್ನು ಯಾರೂ ಕದಿಯಲಾರರು. ತರಗತಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಆಧಾರ್ ಪ್ರತಿ ಹಾಕಿಸುವುದು, ಜಾತಿ-ಆದಾಯದ ಪಟ್ಟಿ ಹಂಚುವುದು, ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಫೈಲ್ ಬಿಟ್ಟು ಬರುವುದು ನಿಲ್ಲಬೇಕು. ಸಾಧ್ಯವಿರುವಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿ ಸಾಕು. ಹೆಣ್ಣುಮಕ್ಕಳ ಫೋಟೊ ಮತ್ತು ಮನೆಯ ನಂಬರ್ ಒಂದೇ ಪಟ್ಟಿಯಲ್ಲಿ ಅಪರಿಚಿತರ ಕೈಗೆ ಸಿಕ್ಕರೆ ಏನಾಗಬಹುದೆಂದು ವಿವರಿಸಬೇಕಿಲ್ಲ. ಅಂಥ ಒಂದು ಕರೆ ಬಂದರೆ ಕೆಲವು ಮನೆಗಳಲ್ಲಿ ಮೊದಲು ನಿಲ್ಲುವುದು ಹುಡುಗಿಯ ಶಾಲೆ.

ಇದು ಬರೀ ಸಲಹೆಯಲ್ಲ, ಕಾನೂನಿನ ದಿಕ್ಕೂ ಇದೇ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿತು. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟು ತುಂಬದವರನ್ನೆಲ್ಲ ಮಕ್ಕಳೆಂದೇ ಪರಿಗಣಿಸಿ, ಅವರ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಕೇಳುತ್ತದೆ. ಮಾಹಿತಿ ಸೋರಿದರೆ ಬಾಧಿತರಿಗೆ ತಿಳಿಸಬೇಕೆಂದೂ ಹೇಳುತ್ತದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುತ್ತಿವೆ. ಹಮಾಲಿ ಮಾಡುವ ತಂದೆಗೆ ತಿಳಿಸುವುದು ಶಾಲೆಯ ಔದಾರ್ಯವಲ್ಲ, ಅದು ಆತನ ಹಕ್ಕು ಎಂಬ ಕಡೆಗೆ ಕಾಲ ಸಾಗುತ್ತಿದೆ.

ನಾಲ್ಕನೆಯದು ನಮ್ಮ ಕಾಲೇಜಿಗೆ ಸಂಬಂಧಿಸಿದ್ದು. ಐಸಿಟಿಯ ವಿಮರ್ಶಾತ್ಮಕ ತಿಳಿವಳಿಕೆ ಎಂಬ ಪತ್ರಿಕೆ ನಮಗಿದೆ. ಅದರಲ್ಲಿ ನಾವು ಪಿಪಿಟಿ ಮಾಡುವುದನ್ನು, ವಿಡಿಯೊ ಬಳಸುವುದನ್ನು ಕಲಿಯುತ್ತೇವೆ. ಬೇಡ ಎನ್ನುವುದನ್ನು ಕಲಿಯುವುದಿಲ್ಲ. ಉಪದೇಶದಿಂದ ಇದು ಬರುವುದೂ ಇಲ್ಲ, ಕೌಶಲ ಅಭ್ಯಾಸದಿಂದಲೇ ಬರಬೇಕು. ಸೂಕ್ಷ್ಮ ಬೋಧನೆಯಲ್ಲಿ ನಾವು ಪ್ರಶ್ನಿಸುವ ಕೌಶಲ, ಪುನರ್ಬಲನ ಕೌಶಲ, ವಿವರಿಸುವ ಕೌಶಲ ಎಂದು ಒಂದೊಂದನ್ನೇ ಬಿಡಿಸಿ ರೂಢಿಸಿಕೊಳ್ಳುತ್ತೇವಲ್ಲ, ಹಾಗೆಯೇ ಖಚಿತಪಡಿಸಿಕೊಳ್ಳುವ ಕೌಶಲಕ್ಕೂ ಒಂದು ಆವರ್ತನ ಕೊಡಬಹುದು. ಬೋಧನೆಗೆ 6 ನಿಮಿಷ, ಹಿಮ್ಮಾಹಿತಿಗೆ 6, ಮರುಯೋಜನೆಗೆ 12, ಮರುಬೋಧನೆಗೆ 6, ಮರುಹಿಮ್ಮಾಹಿತಿಗೆ 6, ಒಟ್ಟು 36 ನಿಮಿಷ. ಒಬ್ಬರು ಅಧಿಕಾರಿಯ ಗತ್ತಿನಲ್ಲಿ ಕರೆ ಮಾಡಲಿ: ‘ಮೇಡಂ, ಸಾಹೇಬ್ರು ಮೀಟಿಂಗಿನಾಗ ಕುಂತಾರ, ಲಿಸ್ಟ್ ಹತ್ತು ನಿಮಿಷದಾಗ ಬೇಕು.’ ಇನ್ನೊಬ್ಬರು ಧ್ವನಿ ಏರಿಸದೆ, ವಿನಯ ಬಿಡದೆ ಉತ್ತರಿಸಲಿ: ‘ಆಯ್ತ್ರಿ ಸರ್, ಆಫೀಸ್ ನಂಬರಿಗೆ ನಾ ಫೋನ್ ಹಚ್ಚಿ ಮಾತಾಡಿ ಕಳಸ್ತೀನ್ರಿ.’ ಮೊದಲ ಸಲ ನಾಲಿಗೆ ತಡವರಿಸುತ್ತದೆ. ಮರುಬೋಧನೆಯಲ್ಲಿ ತಡವರಿಸುವುದಿಲ್ಲ. ಪ್ರಶ್ನಿಸುವ ಕೌಶಲದ ಮೊದಲ ಪಾಠದಲ್ಲೂ ನಮ್ಮೆಲ್ಲರ ನಾಲಿಗೆ ತಡವರಿಸಿತ್ತು.

ಎದುರಾಗುವ ಎರಡು ಮಾತು

ಶಿಕ್ಷಕರ ಮೇಲೆ ಈಗಾಗಲೇ ಇರುವ ಹೊರೆ ಸಾಲದೇ ಎಂದು ಕೇಳುವವರಿದ್ದಾರೆ. ಹೊರೆ ನಿಜ. ಆದರೆ ನಾನು ಹೇಳಿದ ಕ್ರಮಗಳಲ್ಲಿ ಹೊಸ ವಹಿ, ಹೊಸ ವರದಿ ಯಾವುದೂ ಇಲ್ಲ. ಮಾಹಿತಿ ಕಡಿಮೆ ಸಂಗ್ರಹಿಸಿದರೆ ಕೆಲಸವೂ ಕಡಿಮೆಯೇ. ಒಂದು ಸೋರಿಕೆಯ ನಂತರ ಪಾಲಕರಿಗೆಲ್ಲ ಚೀಟಿ ಬರೆದು ಕಳಿಸಿದ ಆ ಸಂಜೆಯ ಶ್ರಮವನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅದಕ್ಕೆ ಹೋಲಿಸಿದರೆ ಐದು ನಿಮಿಷದ ಮರುಕರೆ ಏನೂ ಅಲ್ಲ.

ವ್ಯವಸ್ಥೆಯೇ ಶಾಲೆಗೊಂದು ಲಾಗಿನ್ ಕೊಟ್ಟು, ಒಟಿಪಿಯನ್ನು ಒಂದೇ ಮೊಬೈಲಿಗೆ ಕಳಿಸಿದರೆ ಶಿಕ್ಷಕರು ಏನು ಮಾಡಬೇಕು ಎಂಬುದು ಇನ್ನೊಂದು ಪ್ರಶ್ನೆ. ಇದು ನ್ಯಾಯವಾದ ಪ್ರಶ್ನೆ. ನಮೂದು ಮಾಡುವ ಪ್ರತಿಯೊಬ್ಬರಿಗೂ ಪ್ರತ್ಯೇಕ ಲಾಗಿನ್ ಇರಬೇಕು, ಯಾರು ಯಾವಾಗ ಏನು ಬದಲಿಸಿದರು ಎಂಬುದು ದಾಖಲಾಗಬೇಕು, ಕೊನೆಯ ದಿನಾಂಕಗಳು ಹಳ್ಳಿಯ ನೆಟ್‌ವರ್ಕ್ ನೋಡಿ ನಿಗದಿಯಾಗಬೇಕು. ಅಧಿಕಾರಿಗಳು ಮಾಡಬೇಕಾದ ಕೆಲಸಗಳಿವು, ಅವರನ್ನು ನಾವು ಕೇಳಲೇಬೇಕು. ಅಷ್ಟರವರೆಗೆ ರಟ್ಟನ್ನು ಕಪಾಟಿನಿಂದ ತೆಗೆಯುವುದು, ಪ್ರಶಿಕ್ಷಣಾರ್ಥಿಗಳ ತಂಡ ಬಂದು ಹೋದ ಮೇಲೆ ಪಾಸ್‌ವರ್ಡ್ ಬದಲಿಸುವುದು ನಮ್ಮ ಕೈಯಲ್ಲೇ ಇದೆ. ನಾವು ಹೋದ ಮರುದಿನವೇ ಪಾಸ್‌ವರ್ಡ್ ಬದಲಿಸಿರಿ ಎಂದು ಪ್ರಶಿಕ್ಷಣಾರ್ಥಿಗಳಾದ ನಾವೇ ಹೇಳಿ ಬರುವುದು ಒಳ್ಳೆಯದು. ಅದರಿಂದ ನಮ್ಮ ಮೇಲಿನ ನಂಬಿಕೆ ಕಡಿಮೆಯಾಗುವುದಿಲ್ಲ. ‘ಎಣಿಸಿಕೊಳ್ರಿ ಅಣ್ಣಾ’ ಎಂದವನ ಮೇಲೆ ಯಾರೂ ಅನುಮಾನಪಟ್ಟದ್ದಿಲ್ಲ.

ಮುಂದಿನ ತಂಡ ಶಾಲಾ ಅನುಭವಕ್ಕೆ ಹೊರಡುವ ಮುನ್ನ ಆ 36 ನಿಮಿಷದ ಒಂದು ಆವರ್ತನವನ್ನು ವೇಳಾಪಟ್ಟಿಯಲ್ಲಿ ಸೇರಿಸಬೇಕೆಂದು ನಮ್ಮ ಉಪನ್ಯಾಸಕರಲ್ಲಿ ಕೇಳಿಕೊಳ್ಳುತ್ತೇನೆ. ಮಾರ್ಗದರ್ಶಿ ಶಿಕ್ಷಕರ ಅವಲೋಕನ ಪತ್ರದಲ್ಲಿ ಕಪ್ಪುಹಲಗೆಯ ಬಳಕೆಗೆ ಅಂಕವಿದೆ, ತರಗತಿ ನಿರ್ವಹಣೆಗೆ ಅಂಕವಿದೆ. ಮಕ್ಕಳ ಮಾಹಿತಿಯನ್ನು ಹೇಗೆ ಕಾಪಾಡಿದರು ಎಂಬುದಕ್ಕೂ ಒಂದು ಸಾಲು ಇರಲಿ. ಆ ಸಾಲು ಇದ್ದರೆ ಫೋನಿನ ಆ ಕಡೆಯ ಧ್ವನಿ ಎಷ್ಟೇ ದೊಡ್ಡದಿರಲಿ, ಈ ಕಡೆಯ ಹೊಸ ಶಿಕ್ಷಕಿಗೆ ‘ವಿಚಾರಿಸಿ ಕಳಿಸ್ತೀನ್ರಿ’ ಎನ್ನಲು ಧೈರ್ಯ ಬರುತ್ತದೆ. ತಮ್ಮ ಮಕ್ಕಳನ್ನು ಶಾಲೆಗೆ ಕಳಿಸುವ ತಂದೆತಾಯಿಗಳಿಗೆ ನಾವು ಸಲ್ಲಿಸಬೇಕಾದ ಗೌರವವೂ ಅದೇ.